ತಗಡು ತೆಗೆಸಿದ ಖಾನಾವಳಿ

ಮುಂದಿನ ವಾರ ಮೇಲಿನ ಕೋರ್ಟಿನಲ್ಲಿ ನಮ್ಮ ಪ್ರಕರಣ ಕೂಗಿದಾಗ ನಾನು ಎದ್ದು ನಿಂತು ‘ಅರ್ಜಿದಾರರು ತೀರಿಕೊಂಡಿದ್ದಾರೆ’ ಎಂದು ಹೇಳಬೇಕು. ಒಂದೇ ವಾಕ್ಯ. ಅದನ್ನು ಕೇಳಿ ಕಡತ ಮುಚ್ಚುತ್ತಾರೆ, ಮುಂದಿನ ಪ್ರಕರಣ ಕೂಗುತ್ತಾರೆ. ವಕೀಲಿಕೆಯಲ್ಲಿ ತಲೆ ಬೆಳ್ಳಗಾದವನಿಗೆ ಇದೇನು ಹೊಸದಲ್ಲ. ಆದರೂ ಆ ಒಂದು ವಾಕ್ಯ ನೆನೆಸಿಕೊಂಡರೆ ಸಿಟ್ಟು ಬರುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅರ್ಜಿದಾರರೆಂದರೆ ನಮ್ಮ ಕನ್ನೊಳ್ಳಿ ಅಕ್ಕ. ಕನ್ನೊಳ್ಳಿ ಆಕೆಯ ತವರು. ನಮ್ಮ ಕಡೆ ಕೊಟ್ಟ ಮನೆಗೆ ಬಂದ ಹೆಣ್ಣಿಗೆ ತವರೂರೇ ಹೆಸರಾಗಿಬಿಡುತ್ತದೆ. ಆಕೆಯ ನಿಜವಾದ ಹೆಸರು ನನಗೆ ತಿಳಿದದ್ದು ವಕಾಲತ್ತಿಗೆ ಸಹಿ ಹಾಕಿದ ದಿನ. ನಮ್ಮ ತಾಲೂಕು ಊರಿನ ಬಸ್ ನಿಲ್ದಾಣದ ಎದುರು ಆಕೆಯ ಖಾನಾವಳಿ. ಊರಿನ ಹೆಸರು ಹೇಳುವುದಿಲ್ಲ. ಇಂಡಿಯಿಂದ ಮುದ್ದೇಬಿಹಾಳದ ತನಕ ನಮ್ಮ ಬಸ್ ನಿಲ್ದಾಣಗಳೆಲ್ಲ ಒಂದೇ ಅಚ್ಚಿನವು. ನಿಮಗೆ ಗೊತ್ತಿರುವ ಯಾವುದನ್ನಾದರೂ ಕಣ್ಣ ಮುಂದೆ ತಂದುಕೊಳ್ಳಿ. ಅದರ ಕಂಪೌಂಡಿಗೆ ಅಂಟಿಕೊಂಡು ಒಂದು ದೊಡ್ಡ ಬೇವಿನ ಗಿಡ, ರಸ್ತೆಯ ಈಚೆ, ಊಟ ಬಡಿಸುವ ಮುಂಭಾಗಕ್ಕೆ ಮೇಲೆ ತಗಡು ಹೊದಿಸಿದ ಒಂದು ಹಳೆಯ ಮನೆ, ಇಷ್ಟಿದ್ದರೆ ಸಾಕು.

ಅಕ್ಕನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಎಲ್ಲರೂ ಅನ್ನಪೂರ್ಣೆ ಎಂದು ಹೊಗಳಿ ಕೈಮುಗಿಯುವಂಥ ಹೆಂಗಸಲ್ಲ. ಗಂಗಾಳದಲ್ಲಿ ಒಂದು ಚೂರು ರೊಟ್ಟಿ ಬಿಟ್ಟರೆ ತಾಸು ಕಾಲ ಬೈಯುತ್ತಿದ್ದಳು. ಒಮ್ಮೆ ಹೊಸದಾಗಿ ಬಂದ ಪೊಲೀಸ್ ಫೌಜದಾರರೊಬ್ಬರು ಅರ್ಧ ರೊಟ್ಟಿ ಬಿಟ್ಟು ಕೈ ತೊಳೆಯಲು ಎದ್ದರು. ಅಕ್ಕ ತಂಬಿಗೆಯನ್ನು ಹಿಂದಕ್ಕೆ ಎಳೆದುಕೊಂಡಳು.

“ಯಾರ ಪಾಲಿಂದ್ರೀ ಸಾಹೇಬ್ರ ಅದು? ಕುಂಡ್ರಿ, ಮುಗಸ್ರಿ. ನೀರು ಆಮ್ಯಾಲೆ.”

ಫೌಜದಾರರು ಸುತ್ತ ಒಮ್ಮೆ ನೋಡಿ, ಸುಮ್ಮನೆ ಕುಳಿತು ಮುಗಿಸಿದರು. ನಾನು ಹಿರಿಯ ವಕೀಲರೊಬ್ಬರ ಕೈಕೆಳಗೆ ದುಡಿಯುತ್ತಿದ್ದ ಕಾಲದಿಂದ ಅಲ್ಲಿ ಉಂಡವನು. ಮದುವೆಯಾದ ಮೇಲೂ ಕೋರ್ಟಿದ್ದ ದಿನ ಮಧ್ಯಾಹ್ನದ ಊಟ ಅಲ್ಲೇ. ನನಗೆ ಬದನೆಕಾಯಿ ಸೇರುವುದಿಲ್ಲ. ನಮ್ಮ ಸೀಮೆಯಲ್ಲಿ ಹುಟ್ಟಿ ಬದನೆಕಾಯಿ ಸೇರುವುದಿಲ್ಲ ಎನ್ನುವವನನ್ನು ಬಂಧುಗಳೂ ಕ್ಷಮಿಸುವುದಿಲ್ಲ. ಅಕ್ಕ ಮಾತ್ರ ಒಂದು ದಿನವೂ ಯಾಕೆ ಎಂದು ಕೇಳದೆ ನನ್ನ ಪಾಲಿಗೆ ಪುಂಡಿಪಲ್ಯ ತೆಗೆದಿಡುತ್ತಿದ್ದಳು.

ಆಕೆಗೊಂದು ನೇಮವಿತ್ತು. ಅತ್ತೆಯಿಂದ ಬಂದದ್ದು. ಬೆಳಗಿನ ಲಿಂಗಪೂಜೆ ಮುಗಿಸಿ, ಅಡುಗೆಯಾದ ಮೇಲೆ, ಪೂಜೆಯ ಹಿತ್ತಾಳೆ ಘಂಟೆಯನ್ನು ಹಿಡಿದು ಹೊಸ್ತಿಲಾಚೆ ಬಂದು ಬಾರಿಸಬೇಕು. ಮನೆಯಿಲ್ಲದ ಹಸಿದವರು ಯಾರಿದ್ದಾರೋ ಅವರು ಬಂದು ಉಣ್ಣಬೇಕು. ಅವರಲ್ಲಿ ಕೊನೆಯವರು ಉಂಡು ಕೈ ತೊಳೆದ ಮೇಲೆಯೇ ತಾನು ಅನ್ನ ಮುಟ್ಟುವುದು. ಅತ್ತೆಯ ಕಾಲಕ್ಕೆ ಹೊಸ್ತಿಲಲ್ಲೇ ನಡೆಯುತ್ತಿದ್ದದ್ದು ಈಕೆಯ ಕಾಲಕ್ಕೆ ರಸ್ತೆ ದಾಟಿ ಬೇವಿನ ಗಿಡದ ಬುಡಕ್ಕೆ ಹೋಯಿತು. ಹೋದದ್ದಕ್ಕೆ ಕಾರಣ ಒಬ್ಬ ಹೆಂಗಸು.

ಆಕೆ ಎಲ್ಲಿಯವಳೋ ಗೊತ್ತಿಲ್ಲ. ಮಾತಿಲ್ಲ. ಗಿಡದ ಕೆಳಗೆ ಗೋಣಿಚೀಲ ಹಾಸಿಕೊಂಡು ಇರುತ್ತಿದ್ದಳು. ಮಳೆ ಬಂದರೂ ಅಷ್ಟೆ, ಬಿಸಿಲಾದರೂ ಅಷ್ಟೆ, ಮನುಷ್ಯ ಕಟ್ಟಿದ ಯಾವ ಸೂರಿನ ಕೆಳಗೂ ಕಾಲಿಡುತ್ತಿರಲಿಲ್ಲ. ಬಸ್ ನಿಲ್ದಾಣದ ಚಾವಣಿಯ ನೆರಳು ಹತ್ತಿರ ಬಂದರೆ ಎದ್ದು ಸರಿದು ಕೂರುತ್ತಿದ್ದಳು. ಅಕ್ಕ ಮೊದಮೊದಲು ಕೈಹಿಡಿದು ಕರೆದು ನೋಡಿದಳು. ಆಕೆ ಹೊಸ್ತಿಲ ತನಕ ಬಂದು, ತಲೆಯೆತ್ತಿ ತಗಡು ನೋಡಿ, ನಡುಗಿ ಓಡಿದಳು. ಅವತ್ತಿನಿಂದ ರೊಟ್ಟಿಯ ಬುಟ್ಟಿಯೇ ರಸ್ತೆ ದಾಟಿತು.

“ಏನಾಗಿರಬೇಕ್ರಿ ಅಕ್ಕಾರ ಆಕಿಗೆ?” ಎಂದು ನಾನೊಮ್ಮೆ ಕೇಳಿದೆ.

“ನೀ ಬದನಿಕಾಯಿ ಯಾಕ ತಿನ್ನೂದಿಲ್ಲಂತ ನಾ ಕೇಳೇನೇನು? ಉಣ್ಣು ಸುಮ್ನ.”

ಗಿಡದಾಕೆ ಎಲ್ಲರಿಗಿಂತ ನಿಧಾನ. ರೊಟ್ಟಿಯನ್ನು ಚೂರು ಮಾಡಿ, ಒಂದೊಂದೇ ಚೂರನ್ನು ಬೆಳಕಿಗೆ ಹಿಡಿದು ನೋಡಿ ತಿನ್ನುತ್ತಿದ್ದಳು. ಹಾಗಾಗಿ ಕೊನೆಯವಳು ಯಾವಾಗಲೂ ಆಕೆಯೇ. ಅಕ್ಕ ಸೊಂಟದ ಮೇಲೆ ಕೈಯಿಟ್ಟು ನಿಂತು, “ಲಗೂ ಉಣ್ಣ ನಮ್ಮವ್ವಾ, ನನ್ನ ಹೊಟ್ಟೀನೂ ಕಾಯಾಕತ್ತೈತಿ” ಎಂದು ಗೊಣಗುತ್ತಿದ್ದಳು. ಗೊಣಗುತ್ತಲೇ ಮೊಸರು ಹಾಕುತ್ತಿದ್ದಳು.

ಆಮೇಲೆ ಪುರಸಭೆಯ ಆದೇಶ ಬಂತು. ಬಸ್ ನಿಲ್ದಾಣ, ರಸ್ತೆ ಬದಿ, ಉದ್ಯಾನ, ಎಲ್ಲಿಯೂ ಬೇಯಿಸಿದ ಅನ್ನ ಹಂಚಬಾರದು. ಹಂಚುವವರು ಹಳೆಯ ಸಂತೆಕಟ್ಟೆಯ ಹಿಂದಿನ ಶೆಡ್ಡಿನಲ್ಲಿ, ಮೊದಲೇ ತಿಳಿಸಿ ಹಂಚಬೇಕು. ಎಂಜಲು ಬೀಳುತ್ತದೆ, ನಾಯಿ ಸೇರುತ್ತವೆ, ಊರಿಗೆ ಬರುವವರ ಕಣ್ಣಿಗೆ ಚೆನ್ನಾಗಿ ಕಾಣುವುದಿಲ್ಲ ಎಂದು ಅಂಗಡಿಯವರು ದೂರಿದ್ದರು. ದೂರು ಪೂರ್ತಿ ಸುಳ್ಳೂ ಅಲ್ಲ. ನಾಯಿಗಳು ಸೇರುತ್ತಿದ್ದದ್ದು ನಿಜ. ಅಕ್ಕ ಅವುಗಳಿಗೂ ಬೈಯುತ್ತಾ ಹಾಕುತ್ತಿದ್ದಳು.

ಅಕ್ಕನ ಜೊತೆ ನಾನೂ ಪುರಸಭೆ ಕಚೇರಿಗೆ ಹೋದೆ. ಮುಖ್ಯಾಧಿಕಾರಿ ಮೈಸೂರು ಕಡೆಯವರು, ಮೆತ್ತಗಿನ ಮನುಷ್ಯ. ಎದ್ದು ನಿಂತು ಕುರ್ಚಿ ಕೊಟ್ಟರು.

“ಅಮ್ಮಾ, ನಿಮ್ಮ ಧರ್ಮಕ್ಕೆ ನಾವು ಅಡ್ಡ ಬರ್ತಿಲ್ಲ. ಊಟ ಹಾಕಿ, ಪುಣ್ಯದ ಕೆಲಸ. ಆದರೆ ಒಳಗಡೆ ಹಾಕಿ ಅಂತೀವಿ ಅಷ್ಟೆ.”

“ಆಕಿ ಒಳಗ ಬರೂದಿಲ್ರಿ.”

“ಒಬ್ಬರಿಗೋಸ್ಕರ ನಿಯಮ ಬದಲಾಯಿಸೋಕೆ ಆಗುತ್ತಾ?”

“ಪೂಜಾ ಒಬ್ಬರಿಗೇ ಮಾಡೂದ್ರಿ. ನಾ ಭಿಕ್ಷಾ ನೀಡಾಕತ್ತಿಲ್ಲ, ಪೂಜಾ ಮಾಡಾಕತ್ತೇನಿ. ಬೆಳಿಗ್ಗೆ ಲಿಂಗಕ್ಕ ಮಾಡಿದ್ದು ಅರ್ಧಾ, ಆಕಿ ಉಂಡ ಮ್ಯಾಲೆ ಪೂರ್ತಿ. ಅರ್ಧಾಕ್ಕ ನಿಂದ್ರಸು ಅಂತೀರೇನು?”

ಅವರು ನನ್ನ ಮುಖ ನೋಡಿದರು. ನಾನು ಸಂವಿಧಾನದ ಮಾತು ತೆಗೆದೆ, ಧರ್ಮಾಚರಣೆಯ ಸ್ವಾತಂತ್ರ್ಯ ಎಂದೆ. ಅವರು ಅದಕ್ಕೂ ತಲೆಯಾಡಿಸಿ, ಸಾರ್ವಜನಿಕ ಆರೋಗ್ಯದ ಮಾತೂ ಅದೇ ಸಾಲಿನಲ್ಲಿದೆ ಎಂದರು. ಇದೆ, ನಿಜ. ಚಹಾ ತರಿಸಿದರು. ಅಕ್ಕ ಕುಡಿಯಲಿಲ್ಲ.

ಹಟ ಎನ್ನಬೇಡಿ, ಅಕ್ಕ ಶೆಡ್ಡಿಗೂ ಹೋಗಿ ನೋಡಿದಳು. ಬುಟ್ಟಿ ಹೊತ್ತು ಹೋಗಿ ಘಂಟೆ ಬಾರಿಸಿದಳು. ಕುಂಟುವ ಮುದುಕನೊಬ್ಬ, ಕಣ್ಣು ಕಾಣದ ಇನ್ನೊಬ್ಬ, ಹೀಗೆ ಕೆಲವರು ಹೇಗೋ ಬಂದರು. ಗಿಡದಾಕೆ ಶೆಡ್ಡಿನ ಎದುರಿನ ಬಯಲಲ್ಲಿ ದೂರ ನಿಂತು ನೋಡಿದಳು. ಅಕ್ಕ ಗಂಗಾಳ ಹಿಡಿದು ಆಕೆಯ ಹತ್ತಿರ ಹೊರಟಾಗ ಕಾವಲುಗಾರ ತಡೆದ. “ಹೊರಗ ಒಯ್ಯಂಗಿಲ್ರಿ ಅಕ್ಕಾರ, ನನ್ನ ನೌಕರಿ ಹೋಗತೈತಿ” ಎಂದು ಕೈಮುಗಿದ. ಅವತ್ತು ಗಿಡದಾಕೆ ಉಣ್ಣಲಿಲ್ಲ, ಅಕ್ಕನೂ ಉಣ್ಣಲಿಲ್ಲ. ಮರುದಿನ ಬುಟ್ಟಿ ಮತ್ತೆ ಬೇವಿನ ಗಿಡದ ಬುಡದಲ್ಲಿತ್ತು.

ಮೂರು ಸಲ ಎಚ್ಚರಿಕೆ ಕೊಟ್ಟು ಆಮೇಲೆ ಸಾಮಾನು ಎತ್ತಿಕೊಂಡು ಹೋದರು. ಬುಟ್ಟಿ, ಪಲ್ಯದ ಪಾತ್ರೆ, ಸೌಟು, ಜೊತೆಗೆ ಘಂಟೆಯೂ ಹೋಯಿತು. ಪಾತ್ರೆ ಹೋದದ್ದಕ್ಕೆ ಅಕ್ಕ ಬೈದಳು. ಘಂಟೆ ಹೋದದ್ದಕ್ಕೆ ಅತ್ತಳು. ಆಕೆ ಅತ್ತದ್ದನ್ನು ನಾನು ಅದೇ ಮೊದಲು ನೋಡಿದ್ದು. ಅದಾದ ಮೇಲೆ ಉಡಿಯಲ್ಲಿ ರೊಟ್ಟಿ ಕಟ್ಟಿಕೊಂಡು, ಬಸ್ಸಿಗೆ ಹೋಗುವವಳ ಹಾಗೆ ಹೋಗಿ, ಗಿಡದ ಕೆಳಗಿನವರ ಕೈಗೆ ಹಾಕಿ ಬರುತ್ತಿದ್ದಳು. ದೇವರಿಗೆ ಕದ್ದು ಎಡೆ ಮಾಡುವ ಹಾಗಾಯಿತು ಎಂದು ನೊಂದುಕೊಂಡಳು.

ನಾವು ಮೇಲಿನ ಕೋರ್ಟಿಗೆ ಹೋದೆವು. ನ್ಯಾಯಮೂರ್ತಿಗಳು ಸಮಾಧಾನದಿಂದ ಕೇಳಿದರು. ದಾಸೋಹ ಈ ಧರ್ಮದ ಆಚರಣೆ, ಒಪ್ಪೋಣ. ಅದು ಇಂಥ ಗಿಡದ ಕೆಳಗೇ ಆಗಬೇಕೆಂದು ಎಲ್ಲಿದೆ ಎಂದರು. ಎದುರಿನ ವಕೀಲರು ಎದ್ದು, ಮಠಗಳ ದಾಸೋಹವೆಲ್ಲ ಚಾವಣಿಯ ಕೆಳಗೇ ನಡೆಯುತ್ತದೆ ಎಂದರು. ನನಗೆ ಉತ್ತರ ಗೊತ್ತಿತ್ತು. ಆ ಉತ್ತರ ಸೂರಿಗೆ ಹೆದರುವ ಒಬ್ಬ ಮೂಕ ಹೆಂಗಸು, ಅವಳ ಹೆಸರು ಕೂಡ ನನಗೆ ಗೊತ್ತಿಲ್ಲ. ಹೇಳಿದೆ. ಕೇಳಿಸಿಕೊಂಡು ದಿನಾಂಕ ಮುಂದಕ್ಕೆ ಹಾಕಿದರು.

ಊರಿಗೆ ದೊಡ್ಡ ಅಧಿಕಾರಿಗಳ ತಂಡವೊಂದು ಸ್ವಚ್ಛತೆ ನೋಡಲು ಬರುತ್ತದೆ ಎಂಬ ಸುದ್ದಿಯಿದ್ದ ವಾರ ಅದು. ಒಂದು ಬೆಳಿಗ್ಗೆ ಅಕ್ಕ ಉಡಿಯಲ್ಲಿ ರೊಟ್ಟಿ ಕಟ್ಟಿಕೊಂಡು ಹೊರಬಂದರೆ ಬೇವಿನ ಗಿಡದ ಕೆಳಗೆ ಯಾರೂ ಇಲ್ಲ. ಗೋಣಿಚೀಲವೂ ಇಲ್ಲ. ನೆಲ ಗುಡಿಸಿ ನೀರು ಹೊಡೆದಿದ್ದರು.

ಕಚೇರಿಯಲ್ಲಿ ಕೇಳಿದೆ. ಮುಖ್ಯಾಧಿಕಾರಿ ರಜೆಯಲ್ಲಿದ್ದರು. ಸುರಕ್ಷಿತ ಜಾಗಕ್ಕೆ ಕಳಿಸಿದ್ದೇವೆ ಎಂದರು ಅಲ್ಲಿದ್ದವರು, ಯಾವ ಜಾಗ ಎಂದರೆ ಮುಖ ಮುಖ ನೋಡಿಕೊಂಡರು. ಅರ್ಜಿ ಹಾಕಿ ಅಕ್ಕನ ಸಾಮಾನನ್ನಾದರೂ ಬಿಡಿಸಿಕೊಂಡು ಬಂದೆ. ಘಂಟೆ ಸಿಕ್ಕಾಗ ಅಕ್ಕನ ಮುಖ ಅರಳಿತು. ಅಷ್ಟರಲ್ಲಿ ಕಸದ ಟ್ರ್ಯಾಕ್ಟರಿನ ಚಾಲಕ ಗುಟ್ಟಾಗಿ ಒಂದು ಮಾತು ಹೇಳಿದ್ದ: ಕೆಲವರನ್ನು ಬಾಗೇವಾಡಿ ಕಡೆ, ಕೆಲವರನ್ನು ಹೊಳೆಯ ಕಡೆ ಇಳಿಸಿದ್ದೇವೆ.

ಗೆಳೆಯನ ಕಾರು ಇಸಿದುಕೊಂಡು ಹೊರಟೆವು. ಆ ದಿನಗಳಲ್ಲಿ ಅಕ್ಕ ಅನ್ನ ಮುಟ್ಟುತ್ತಿರಲಿಲ್ಲ. ಹಾಲು, ಬಾಳೆಹಣ್ಣು, ಬೆಲ್ಲದ ನೀರು. ಮುದ್ದೇಬಿಹಾಳದ ನಿಲ್ದಾಣ ಸುತ್ತಿದೆವು. ತಂಗಡಗಿಗೆ ಹೋಗಿ ಕೃಷ್ಣೆಯ ದಂಡೆಯಲ್ಲಿ ಹುಡುಕಿದೆವು. ಅಲ್ಲಿ ಗುಡಿಯ ಹತ್ತಿರ ಕುಂಟುವ ಮುದುಕ ಸಿಕ್ಕ. ಅಕ್ಕನನ್ನು ನೋಡಿ ಹೋ ಎಂದು ಅತ್ತ. ಅವನಿಗೆ ಉಣಿಸಿದಳು. ತಾನು ಉಣ್ಣಲಿಲ್ಲ. ಕೊನೆಯವಳು ಉಂಡಿಲ್ಲವಲ್ಲ. ಹೊಳೆಯ ನೀರು ನೋಡುತ್ತಾ ಬಹಳ ಹೊತ್ತು ನಿಂತಳು. ನನಗೆ ಭಯವಾಗಿ, ಬರ್ರಿ ಎಂದು ಕೈಹಿಡಿದು ಕರೆತಂದೆ.

ಗಿಡದಾಕೆ ಸಿಕ್ಕದ್ದು ಬಸವನ ಬಾಗೇವಾಡಿಯಲ್ಲಿ. ದಾಸೋಹದ ಮಾತು ಮಗುವಿಗೂ ಗೊತ್ತಿರುವ ಊರು. ಊರ ಹೊರಗೆ ಒಂದು ಜಾಲಿಗಿಡದ ಕೆಳಗೆ ಕುಳಿತಿದ್ದಳು. ತಲೆ ಕೆದರಿತ್ತು, ಮೊಣಕಾಲಿಗೆ ಗಾಯವಾಗಿತ್ತು. ಅಕ್ಕ ಕಾರಿನಿಂದ ಇಳಿದು ದೂರದಿಂದಲೇ ನೋಡಿ, “ಅದಾಳೋ ತಮ್ಮಾ, ಅದಾಳ” ಎಂದು ಬಾಯಿಗೆ ಸೆರಗು ಹಿಡಿದಳು. ಚೀಲದಿಂದ ಘಂಟೆ ತೆಗೆದಳು. ಆ ದನಿ ಕೇಳಿದರೆ ಗುರುತು ಹಿಡಿದು ಎದ್ದು ಬರುತ್ತಾಳೆ ಎಂಬ ಧೈರ್ಯ. ನನಗೂ ಹಾಗೇ ಅನಿಸಿತ್ತು.

ಘಂಟೆ ಬಾರಿಸಿದಳು. ಗಿಡದಾಕೆ ತಲೆಯೆತ್ತಿದಳು. ನಮ್ಮನ್ನು ನೋಡಿದಳೋ ಇಲ್ಲವೋ, ಘಂಟೆಯನ್ನು ನೋಡಿದಳು. ಎರಡೂ ಕಿವಿ ಮುಚ್ಚಿಕೊಂಡು ಎದ್ದು ಓಡಿದಳು. ಜಾಲಿಕಂಟಿಯೊಳಗೆ, ಹೊಲಗಳೊಳಗೆ, ಬಿದ್ದು ಎದ್ದು ಓಡಿದಳು. ಅಕ್ಕ “ಏ ನಮ್ಮವ್ವಾ, ನಾನ, ನಾನ” ಎಂದು ಕೂಗುತ್ತಾ ಹಿಂದೆ ಓಡಿದಳು, ಓಡುತ್ತಾ ಘಂಟೆ ಬಾರಿಸಿದಳು. ನಾವು ಸಂಜೆಯ ತನಕ ಹುಡುಕಿದೆವು. ಮತ್ತೆ ಕಾಣಲಿಲ್ಲ.

ಯಾಕೆ ಓಡಿದಳೆಂದು ತಿಳಿದದ್ದು ಊರಿಗೆ ಬಂದ ಮೇಲೆ. ನಿಲ್ದಾಣದ ಪಕ್ಕದ ಚಹಾದಂಗಡಿಯವನು ಅಂದು ಬೆಳಗಿನ ಜಾವ ಕಣ್ಣಾರೆ ನೋಡಿದ್ದ. ಇಷ್ಟು ದಿನ ಹೇಳಲು ಬಾಯಿ ಬಂದಿರಲಿಲ್ಲ ಅವನಿಗೆ.

“ಪುರಸಭೆಯವ್ರು ನಿಮ್ಮ ಘಂಟೀನ ಬಾರಿಸಿದ್ರು ಅಕ್ಕಾರ. ಊಟಾ ಬಂತಂತ ಎಲ್ಲಾರೂ ಎದ್ದು ಬಂದ್ರು. ಟ್ರಾಲಿಗೆ ಮ್ಯಾಲೆ ಏನೂ ಇರಲಿಲ್ಲ ನೋಡ್ರಿ, ಆಕಿನೂ ಹತ್ತಿದ್ಲು. ಹೊಂಟಮ್ಯಾಲೆ ಹೆದರಿ ಜಿಗಿಯಾಕ ಹೋದ್ಲು. ಕೈಕಾಲು ಹಿಡದು ಕುಂದ್ರಿಸಿದ್ರು.”

ಅಕ್ಕ ಅಲ್ಲೇ ಕಟ್ಟೆಯ ಮೇಲೆ ಕುಸಿದು ಕೂತಳು. “ನನ್ನ ದೇವರ ಘಂಟಿ” ಎಂದಳು. ಮತ್ತೆ ಸ್ವಲ್ಪ ಹೊತ್ತಿಗೆ, “ಆಕಿ ಪಾಲಿಗೆ ನಾನ ಬಾರಿಸಿದಂಗಾತಲ್ಲೋ ತಮ್ಮಾ” ಎಂದಳು. ಪಾತ್ರೆ ಜಪ್ತಿ ಮಾಡಬಹುದು, ಬುಟ್ಟಿ ಜಪ್ತಿ ಮಾಡಬಹುದು. ಒಬ್ಬಳ ಪೂಜೆಯ ದನಿಯನ್ನೇ ಎತ್ತಿಕೊಂಡು ಹೋಗಿ ಬಲೆ ಮಾಡಿದರೆ ಅದಕ್ಕೆ ಯಾವ ಕಲಮು ಹಚ್ಚಲಿ? ಮಾಡಿದವರಿಗೆ ಅದು ಪಾಪವೆಂದೂ ಅನಿಸಿರಲಿಕ್ಕಿಲ್ಲ. ಜಾಣತನ ಎಂದುಕೊಂಡಿರಬೇಕು.

ಅಕ್ಕ ಹಳೆಯ ಸೀರೆಯ ಚೂರು ಹರಿದು ಘಂಟೆಯ ನಾಲಿಗೆಗೆ ಬಿಗಿದು ಕಟ್ಟಿ ಜಗಲಿಯ ಮೇಲಿಟ್ಟಳು. ಪೂಜೆ ಸದ್ದಿಲ್ಲದೆ ನಡೆಯತೊಡಗಿತು. ಅದಾಗಿ ಒಂದು ದಿನ ನಾನು ಊಟಕ್ಕೆ ಹೋದಾಗ ಏಣಿ ಹಾಕಿ ಇಬ್ಬರು ತಗಡಿನ ಮೇಲೆ ಹತ್ತಿದ್ದರು.

“ಏನ್ರಿ ಇದು?”

“ಪತ್ರಾ ತಗಸಾಕತ್ತೇನಿ. ಹೊರಗ ನೀಡಬ್ಯಾಡ ಅಂದ್ರಲ್ಲ, ನನ್ನ ಜಾಗಾದಾಗ ನೀಡಿದ್ರ ಯಾರ ಏನ್ ಮಾಡ್ತಾರ? ಮ್ಯಾಲೆ ಏನೂ ಇಲ್ಲಂದ್ರ ಆಕಿ ಬರ್ತಾಳ.”

“ಖಾನಾವಳಿ ಗತಿ ಏನ್ರಿ ಅಕ್ಕಾರ? ಈ ಬಿಸಲಾಗ ಯಾರು ಕುಂತು ಉಣ್ತಾರ?”

“ಉಣ್ಣವ್ರಿಗೆ ಊರಾಗ ಮತ್ತೊಂದು ಖಾನಾವಳಿ ಇಲ್ಲೇನು? ಆಕಿಗೆ ಎಲ್ಲೈತಿ ಹೇಳು.”

ನಾನು ರೇಗಿದೆ. ತಲೆ ಕೆಟ್ಟಿದೆ ನಿಮಗೆ ಎಂದೆ. ಆಕೆ ಎಲ್ಲಿದ್ದಾಳೋ, ಬದುಕಿದ್ದಾಳೋ, ಯಾರನ್ನು ನಂಬಿ ಮಾಡು ಕೀಳಿಸುತ್ತೀರಿ ಎಂದೆ. ಅಕ್ಕ ಬೈಯಲಿಲ್ಲ. ನನಗೆ ಹೆದರಿಕೆಯಾದದ್ದು ಅದಕ್ಕೇ. ತಗಡುಗಳು ಒಂದೊಂದಾಗಿ ಕೆಳಗಿಳಿದವು. ಮಧ್ಯಾಹ್ನದ ಬಿಸಿಲು ನೇರ ಗಂಗಾಳಗಳ ಮೇಲೆ ಬಿತ್ತು. ಗಿರಾಕಿಗಳು ಒಬ್ಬೊಬ್ಬರಾಗಿ ಬಿಟ್ಟರು. ಕಡೆಗೆ ತಲೆಗೆ ಟವೆಲ್ಲು ಹಾಕಿಕೊಂಡು ಉಣ್ಣುವವನು ನಾನೊಬ್ಬ ಉಳಿದೆ.

ಪ್ರತಿದಿನ ಆ ಬಯಲಾದ ಜಾಗದ ನಡುವೆ ಒಂದು ಗಂಗಾಳ ಇಟ್ಟು, ಖಡಕ್ ರೊಟ್ಟಿ, ನಂಚಿಕೊಳ್ಳಲು ಶೇಂಗಾ ಹಿಂಡಿ ಬಡಿಸಿ, ಮೇಲೊಂದು ತಾಟು ಮುಚ್ಚಿ, ತಾನು ಒಳಗಿನ ಕತ್ತಲಲ್ಲಿ ಗೋಡೆಗೊರಗಿ ಕೂರುತ್ತಿದ್ದಳು. ಸಂಜೆಗೆ ಅದನ್ನು ದನಕ್ಕೆ ಹಾಕುತ್ತಿದ್ದಳು. ಮಠದ ಅಯ್ಯನವರನ್ನು ಕರೆಸಿದೆ. ಅವರು ಹತ್ತಿರ ಕುಳಿತು, “ನಾ ಬಿಡಸ್ತೇನಿ ತಂಗಿ ನೇಮಾನ, ನಿಂಗೇನೂ ದೋಷಾ ಇಲ್ಲ. ಒಂದು ತುತ್ತು ಉಣ್ಣು” ಎಂದರು.

“ನೇಮಾ ಅಂತ ಊಟಾ ಬಿಟ್ಟಿಲ್ರಿ ಅಯ್ಯಾರ” ಎಂದಳು. “ರೊಟ್ಟಿ ಬಾಯಾಗ ಇಟ್ಟಕೊಂಡು ನೋಡೇನಿ. ಒಳಗ ಹೋಗವಲ್ದು.”

ನಾನು ಸೋತೆ. ‘ನನ್ನನ್ನೇ ಮನೆಯಿಲ್ಲದವನು ಎಂದು ತಿಳಿಯಿರಿ, ನಾನು ಉಂಡ ಮೇಲೆ ಉಣ್ಣಿ’ ಎಂದೂ ಗೋಗರೆದೆ. ಅಕ್ಕ ನಕ್ಕಳು. “ನಿನ್ನ ಹೆಂಡ್ತಿ ಕೇಳಿದ್ರ ಕಾಲು ಮುರೀತಾಳ” ಎಂದಳು. ಡಾಕ್ಟರು ಬಂದರು, ಸಲೈನು ಹಚ್ಚಿದರು, ಹೋದರು. ಮೈ ಇಳಿದು ಇಳಿದು ಕೊರಳಿನ ಲಿಂಗದ ಕರಡಿಗೆಯೇ ಭಾರವಾದ ಹಾಗೆ ಕಾಣುತ್ತಿತ್ತು. ಆದರೂ ಒಲೆಯ ಮುಂದೆ ಕುಳಿತು ರೊಟ್ಟಿ ತಟ್ಟುವುದನ್ನು ಬಿಡಲಿಲ್ಲ. ಹೋದ ತಿಂಗಳು ಒಂದು ಬೆಳಿಗ್ಗೆ ಏಳಲಿಲ್ಲ.

ನಮ್ಮಲ್ಲಿ ಹೆಣವನ್ನು ಕೂರಿಸುತ್ತಾರೆ. ಅಕ್ಕನನ್ನು ಅದೇ ಬಯಲಾದ ಜಾಗದಲ್ಲಿ, ಗೋಡೆಗೆ ಆನಿಸಿ, ಹಣೆಗೆ ವಿಭೂತಿ ಹಚ್ಚಿ, ರಸ್ತೆಯ ಕಡೆ ಮುಖ ಮಾಡಿ ಕೂರಿಸಿದ್ದರು. ಕನ್ನೊಳ್ಳಿಯಿಂದ ಆಕೆಯ ಅಣ್ಣ ಬಂದಿದ್ದ. ಊರೆಲ್ಲ ಸೇರಿತ್ತು. ಮುಖ್ಯಾಧಿಕಾರಿಯೂ ಒಂದು ಹಾರ ಹಿಡಿದು ಬಂದು ಮೂಲೆಯಲ್ಲಿ ನಿಂತಿದ್ದರು. ಎತ್ತುವ ಹೊತ್ತಾಯಿತು. ಅಯ್ಯನವರು ಜಗಲಿಯ ಮೇಲಿನ ಘಂಟೆ ತೆಗೆದುಕೊಂಡು ನಾಲಿಗೆಗೆ ಕಟ್ಟಿದ್ದ ಬಟ್ಟೆ ಬಿಚ್ಚತೊಡಗಿದರು.

ಚಹಾದಂಗಡಿಯವನು ನನ್ನ ತೋಳು ಜಗ್ಗಿದ. “ವಕೀಲ್ರ, ಗಿಡದ ಕಡೆ ನೋಡ್ರಿ.”

ಬೇವಿನ ಗಿಡದ ಕೆಳಗೆ ಆಕೆ ಕುಳಿತಿದ್ದಳು. ಹಿಂದಿನ ದಿನ ಯಂಕಂಚಿ ದಾರಿಯಲ್ಲಿ ಅಂಥವಳೊಬ್ಬಳು ನಡೆದು ಬರುತ್ತಿದ್ದಳೆಂದು ಯಾರೋ ಹೇಳಿದ್ದರಂತೆ. ಈ ಗದ್ದಲದಲ್ಲಿ ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ನಾನು ಓಡಿಹೋಗಿ ಅಯ್ಯನವರ ಕೈಯನ್ನು ಘಂಟೆಯ ಸಮೇತ ಗಟ್ಟಿಯಾಗಿ ಹಿಡಿದುಕೊಂಡೆ.

“ಬಾರಿಸಬ್ಯಾಡ್ರಿ ಅಯ್ಯಾರ. ಕೈಮುಗೀತೇನಿ, ಬಾರಿಸಬ್ಯಾಡ್ರಿ.”

ಭಜನೆಯವರು ತಾಳ ನಿಲ್ಲಿಸಿದರು. ಏನಾಯಿತೆಂದು ತಿಳಿದವರು ತಿಳಿಯದವರಿಗೆ ಕಣ್ಣಲ್ಲೇ ಹೇಳಿದರು. ಆಕೆ ಎದ್ದಳು. ರಸ್ತೆ ದಾಟಿದಳು. ಜನ ಸರಿದು ದಾರಿ ಬಿಟ್ಟರು. ಹೊಸ್ತಿಲ ಹತ್ತಿರ ನಿಂತು ತಲೆಯೆತ್ತಿ ಮೇಲೆ ನೋಡಿದಳು. ಆಕಾಶ. ಒಳಗೆ ಬಂದಳು. ಅಕ್ಕನ ಎದುರಿಗೇ, ದಿನವೂ ಗಂಗಾಳ ಇಡುತ್ತಿದ್ದ ಜಾಗದಲ್ಲಿ ಕುಳಿತು, ಕೈ ಚಾಚಿದಳು.

“ಹೆಣಾ ಇರೂ ಮನ್ಯಾಗ ಒಲಿ ಹೆಂಗ ಹಚ್ಚೂದು?” ಎಂದು ಯಾರೋ ಹೆಂಗಸರು ಪಿಸುಗುಟ್ಟಿದರು. ಒಲೆ ಬೇಕಿರಲಿಲ್ಲ. ಒಳಗೆ ಬುಟ್ಟಿಯಲ್ಲಿ, ಬಿಳಿ ಬಟ್ಟೆಯ ಕೆಳಗೆ, ಅಕ್ಕನೇ ತಟ್ಟಿ ಒಣಗಿಸಿಟ್ಟ ಖಡಕ್ ರೊಟ್ಟಿಗಳಿದ್ದವು. ಎರಡು ತೆಗೆದುಕೊಂಡು, ಹಿಂಡಿ ಹಾಕಿ, ಅಕ್ಕನ ಗಂಗಾಳದಲ್ಲಿ ತಂದಿಟ್ಟೆ. ಆಕೆ ಚೂರು ಮಾಡಿದಳು. ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡಿ ತಿಂದಳು. ಅಕ್ಕನ ಕಡೆ ಒಮ್ಮೆಯೂ ನೋಡಲಿಲ್ಲ. ಊರಿಗೆ ಊರೇ ಬಿಸಿಲಲ್ಲಿ ನಿಂತು ಕಾಯಿತು. ಇದು ಹೊರಗೋ ಒಳಗೋ ಎಂದು ಯಾರೂ ಕೇಳಲಿಲ್ಲ, ಮುಖ್ಯಾಧಿಕಾರಿಯೂ ಕೇಳಲಿಲ್ಲ. ಅವರು ಹಾರ ಹಿಡಿದುಕೊಂಡೇ ನಿಂತಿದ್ದರು.

ಗಂಗಾಳದಲ್ಲಿ ಒಂದು ಚೂರೂ ಉಳಿಯಲಿಲ್ಲ. ಆಕೆ ಕೈ ತೊಳೆದುಕೊಂಡು, ಬಂದ ದಾರಿಯಲ್ಲೇ ಗಿಡದ ಕಡೆ ನಡೆದಳು.

ಅಕ್ಕನ ಅಣ್ಣ ಮುದುಕ, ಕಣ್ಣು ಮಂಜು. ನನ್ನ ಹೆಗಲು ಹಿಡಿದು ಕೇಳಿದ.

“ಉಂಡ್ಲೇನು?”

“ಉಂಡ್ಲ್ರಿ.”

“ಹಂಗಾರ ಇನ್ನ ಎತ್ರಿ” ಎಂದ.